ಇನ್ನೊಬ್ಬರ ನಾನು

ನನ್ನ ಬಾಯನ್ನು ಈ ದೇಶದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿದ್ದೇನೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ರೋಗಿ ಬಂದಾಗ ಆಸ್ಪತ್ರೆಯವರು ನನಗೆ ಫೋನ್ ಮಾಡುತ್ತಾರೆ. ಕ್ಯಾಂಟನ್ ಎಂಬ ಊರಿನ ಮನೆಯಿಂದ ಕಾರು ಹೊರಡಿಸಿ, ಹಿಮ ಬಿದ್ದಿದ್ದರೆ ಅದನ್ನು ಬಯ್ದುಕೊಳ್ಳುತ್ತಾ ಹೋಗುತ್ತೇನೆ. ರೋಗಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳಿ ವಾಪಸ್ಸು ಬರುತ್ತೇನೆ. ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಇಂಟರ್‌ಪ್ರಿಟರ್ ಎಂದಿದೆ.

ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು. ತುಮಕೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಆ ವೀಸಾದ ಮೇಲೆ ಇಲ್ಲಿ ಎಷ್ಟೋ ವರ್ಷ ಕೆಲಸ ಮಾಡುವ ಹಾಗೇ ಇರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಇಲ್ಲಿ ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯ ಹೊಂಡ, ಹೊಂಡದಲ್ಲಿ ಬಾತುಗಳು, ನನ್ನ ಮಾತಿಗೆ ಅವೇ ಗತಿ. ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಬಾಯಿಬಡುಕಿ ಎನ್ನುತ್ತಿದ್ದಳು. ಆ ಬಾಯಿಗೆ ಕೊನೆಗೂ ಕೆಲಸ ಸಿಕ್ಕಿತು, ಆದರೆ ನನ್ನ ಸ್ವಂತ ಮಾತೊಂದನ್ನೂ ಆಡಬಾರದು ಎನ್ನುವ ಷರತ್ತಿನ ಮೇಲೆ.

ತರಬೇತಿಯಲ್ಲಿ ತಲೆಗೆ ತುಂಬಿದ್ದು ಇಷ್ಟೇ. ಕೋಣೆಯಲ್ಲಿ ಯಾರು ಏನು ಹೇಳಿದರೂ ಅದನ್ನು ಹೇಳಬೇಕು. ಸೇರಿಸಬಾರದು, ಬಿಡಬಾರದು. ‘ಇವರಿಗೆ ಹೊಟ್ಟೆ ನೋವಂತೆ’ ಎನ್ನುವಂತಿಲ್ಲ, ‘ನನಗೆ ಹೊಟ್ಟೆ ನೋವು’ ಎಂದೇ ಹೇಳಬೇಕು. ಯಾರು ಮಾತಾಡುತ್ತಾರೋ ಅವರೇ ನಾನು. ಹೀಗಾಗಿ ಈ ಊರಿಗೆ ಬಂದ ಮೇಲೆ ನನಗೆ ಬಾರದ ಕಾಯಿಲೆ ಉಳಿದಿಲ್ಲ. ಗಂಡಸರಿಗೆ ಮಾತ್ರ ಬರುವ ಕಾಯಿಲೆಗಳೂ ಬಂದು ಹೋಗಿವೆ. ಸಂಜೆ ಮನೆಗೆ ಬಂದರೆ ನನ್ನ ಗಂಡ, “ಇವತ್ತು ಏನಾಗಿತ್ತು ನಿಂಗೆ?” ಎಂದು ಕೇಳುತ್ತಾನೆ. ಹೇಳುವಂತಿಲ್ಲ, ಅದೂ ನಿಯಮ. ಈಗ ಬರೆಯುತ್ತಿರುವುದರಲ್ಲೂ ಗುರುತು ಸಿಗದಂತೆ ಕೆಲವನ್ನು ಬದಲಿಸಿದ್ದೇನೆ.

ಮಗ ಸೊಸೆಯ ಮನೆಗೆ ಬಂದ ಹಿರಿಯರೇ ನನ್ನ ಗಿರಾಕಿಗಳಲ್ಲಿ ಹೆಚ್ಚು. ಕನ್ನಡ ಕೇಳಿದ್ದೇ ತಡ, ಎದೆನೋವು ಒಂದು ಕಡೆಗಿಟ್ಟು, “ಯಾವೂರಮ್ಮ ನಿಮ್ದು? ಯಾರ ಪೈಕಿ?” ಎಂದು ಶುರು ಮಾಡುತ್ತಾರೆ. ಅದನ್ನೂ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಇನ್ನೊಂದು ಪೇಚೆಂದರೆ ನಮ್ಮವರಲ್ಲಿ ಪ್ರಶ್ನೆ ಕೇಳಿಸಿಕೊಂಡವರು ಉತ್ತರ ಹೇಳುವ ರೂಢಿಯೇ ಇಲ್ಲ. ಅತ್ತೆಗೆ ಕೇಳಿದರೆ ಸೊಸೆ, ಅಪ್ಪನಿಗೆ ಕೇಳಿದರೆ ಮಗ, ಹೆಂಡತಿಗೆ ಕೇಳಿದರೆ ಗಂಡ. ಯಾರದೋ ಮನೆಯ ಪಾರ್ಟಿಯಲ್ಲಿ ತಟ್ಟೆ ಹಿಡಿದು ನಿಂತರೂ ಅಷ್ಟೆ, “ಅವಳು ಸ್ವೀಟ್ ತಿನ್ನಲ್ಲ” ಎಂದು ಗಂಡ ಹೇಳಿಬಿಡುತ್ತಾನೆ, ಹೆಂಡತಿ ತಟ್ಟೆ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ನನ್ನ ಗಂಡನೂ ಹೇಳುತ್ತಾನೆ. ಅವನ ಬದಲು ನಾನೂ ಎಷ್ಟೋ ಸಲ ಹೇಳಿದ್ದೇನೆ. ಅದನ್ನು ನಾವು ಅಕ್ಕರೆ ಎಂದುಕೊಂಡಿದ್ದೇವೆ.

ಆ ದಂಪತಿಯನ್ನು ಮೊದಲು ನೋಡಿದ್ದು ಜನವರಿಯಲ್ಲಿ, ಹೊರಗೆ ಸೊನ್ನೆಗಿಂತ ಕೆಳಗೆ ಇಳಿದಿದ್ದ ಒಂದು ಬೆಳಿಗ್ಗೆ. ಅವರದು ಬಾಗಲಕೋಟೆ ಕಡೆ. ಗಂಡ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದ ಎಂಜಿನಿಯರ್. ಮನೆ ನಾರ್ತ್‌ವಿಲ್ಲಿನ ಅಪಾರ್ಟ್‌ಮೆಂಟಿನಲ್ಲಿ. ಹೆಂಡತಿಗೆ ನಲವತ್ತು ದಾಟಿರಬಹುದು. ಸ್ತನದ ಕ್ಯಾನ್ಸರ್ ಎಂದು ಆಕೆಗೆ ಗೊತ್ತಿತ್ತು. ಅದನ್ನು ಈ ಕಾಲದಲ್ಲಿ ಮುಚ್ಚಿಡುವುದು ಕಷ್ಟ, ಆಸ್ಪತ್ರೆಯ ಬಾಗಿಲ ಮೇಲೆಯೇ ದೊಡ್ಡದಾಗಿ ಬರೆದಿರುತ್ತಾರೆ. ಅಲ್ಲಿಯವರೆಗೆ ಎಲ್ಲ ಭೇಟಿಗಳಲ್ಲೂ ಗಂಡನೇ ಮಾತನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಿರುಗಿಸಿ ಹೇಳಿದ್ದ. ನಾನೇ ನೋಡಿಕೊಳ್ಳುತ್ತೇನೆ, ಇಂಟರ್‌ಪ್ರಿಟರ್ ಬೇಡ ಎಂದಿದ್ದನಂತೆ.

ನನ್ನನ್ನು ಕರೆಸಿದ್ದು ಹೊಸದಾಗಿ ಬಂದ ನರ್ಸ್. “ಆಕೆ ಅಷ್ಟು ಹೊತ್ತು ಮಾತಾಡಿದರು. ಗಂಡ ‘ಶೀ ಈಸ್ ಫೈನ್’ ಎಂದರು. ನನಗೆ ನಿಮ್ಮ ಭಾಷೆ ಬರುವುದಿಲ್ಲ, ಗಡಿಯಾರ ನೋಡಲು ಬರುತ್ತದೆ” ಎಂದಳು. ನನಗೆ ಅವಳು ತಕ್ಷಣ ಇಷ್ಟವಾದಳು.

ಅವತ್ತು ಇದ್ದದ್ದು ಸ್ಕ್ಯಾನ್. ಮೈಮೇಲೆ ಲೋಹ ಏನೂ ಇರಬಾರದು ಎಂದು ಟೆಕ್ನೀಷಿಯನ್ ಹೇಳಿದ, ನಾನು ಹೇಳಿದೆ. ಆಕೆ ಗಂಡನ ಕಡೆ ನೋಡಿದಳು. ಅವನು ತಯಾರಾಗಿಯೇ ಬಂದಿದ್ದ. ಜಾಕೆಟ್ಟಿನ ಜೇಬಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು, ಅಲ್ಲೇ ನಿಂತು ಆಕೆಯ ಕೊರಳಿಗೆ ಕಟ್ಟಿದ. ಅದು ಭದ್ರವಾದ ಮೇಲೆಯೇ ತಾಳಿಯ ಕೊಂಡಿ ಬಿಚ್ಚಿದ. ತಾಳಿಯನ್ನು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಎದೆಜೇಬಿಗೆ ಹಾಕಿಕೊಂಡು, ಮೇಲಿನಿಂದ ಮುಟ್ಟಿ ನೋಡಿಕೊಂಡ. ಟೆಕ್ನೀಷಿಯನ್ ಇದೇನು ಎಂದು ಕೇಳಿದ. “ಬೇರು ಐತ್ರಿ, ಹೊಲದಾಗ ಬೆಳಿಯೂದು. ಇದಿಲ್ದ ನಾ ಒಳಗ ಬರೂದಿಲ್ಲ” ಎಂದಳು ಆಕೆ. ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಭುಜ ಕುಣಿಸಿ ಒಳಗೆ ಬಿಟ್ಟ.

ಸ್ಕ್ಯಾನಿಗೆ ಕಾಯುವಾಗ, ಮುಗಿದ ಮೇಲೆ ಕಾಯುವಾಗ, ಆಕೆ ಮಾತಾಡಿದ್ದೇ ಮಾತಾಡಿದ್ದು. ರೋಗಿಯ ಜೊತೆ ನಾವು ಹರಟೆಗೆ ಕೂರಬಾರದು. ಒಂದು ಕುರ್ಚಿ ಬಿಟ್ಟು ಕೂತೆ, ಕಿವಿಯನ್ನು ಏನು ಮಾಡಲಿ? ಕ್ಯಾಂಟನ್ನಿನ ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟು ಹಳೆಯದು, ಬಡಿದರೆ ರೊಟ್ಟಿ ಹರಿಯುತ್ತದೆ ಎಂದಳು. ಮಗಳ ಸುದ್ದಿ ಹೇಳಿದಳು. ಒಬ್ಬಳೇ ಮಗಳು, ಧಾರವಾಡದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಳು, ಡಾಕ್ಟರ್ ಆಗಬೇಕಂತೆ. ಓದು ಕೆಡಬಾರದೆಂದು ಅವಳನ್ನು ಅಲ್ಲೇ ಬಿಟ್ಟು ಇವರಿಬ್ಬರೇ ಬಂದಿದ್ದರು.

“ಈ ಸಲಾಯಿನ್ನ ಹಚ್ಚೂದು ಬ್ಯಾಸಗಿ ಹೊತ್ತಿಗೆ ಮುಗೀತೈತಂತ್ರಿ ಅಕ್ಕಾರ. ಗಡ್ಡಿ ಕರಗಾಕತ್ತೇತಿ ಅಂತ ಡಾಕ್ಟರ್ ಅಂದಾರಂತ. ಮಗಳ ಪರೀಕ್ಷಾದ ಹೊತ್ತಿಗೆ ಹೋಗಿ ಮುಟ್ಟತೀನಿ. ಅಕಿ ಓದುವಾಗ ಮಗ್ಗಲಕ ಯಾರರ ಕೂತಿರಬೇಕು, ಇಲ್ಲಂದ್ರ ನಿದ್ದಿ ಹೊಡೀತಾಳ” ಎಂದಳು. ಗಂಡ ಫೋನಿನಲ್ಲಿ ಏನನ್ನೋ ನೋಡುತ್ತಿದ್ದ. ಫೋನಿನ ಪರದೆ ಆರಿ ಕಪ್ಪಾಗಿತ್ತು.

ಸ್ಕ್ಯಾನಿನ ಫಲಿತಾಂಶ ಹೇಳುವ ದಿನವೂ ನನ್ನನ್ನೇ ಕರೆದರು. ಕಾರಿಡಾರಿನಲ್ಲಿ ಗಂಡ ನನಗಾಗಿ ಕಾಯುತ್ತಿದ್ದ. ಹೆಂಡತಿಯನ್ನು ತೂಕ ನೋಡಲು ಒಳಗೆ ಕರೆದುಕೊಂಡು ಹೋಗಿದ್ದರು.

“ಅಕ್ಕಾರ, ನೀವು ನಮ್ಮವರ ಅದೀರಿ, ಅದಕ್ಕ ಕೇಳಾಕತ್ತೀನಿ. ಡಾಕ್ಟರ್ ಏನರ ಹೆಚ್ಚೂ ಕಮ್ಮಿ ಅಂದ್ರ ಎಲ್ಲಾನೂ ಆಕಿಗೆ ಹೇಳಾಕ ಹೋಗಬ್ಯಾಡ್ರಿ. ಒಂದೀಟು ನೋಡಿ ಹೇಳ್ರಿ.”

“ಆಗಲ್ಲ ಕಣ್ರೀ. ಅಲ್ಲಿ ಅಂದಿದ್ದನ್ನೆಲ್ಲ ನಾನು ಹೇಳ್ಲೇಬೇಕು” ಎಂದೆ.

“ನಮ್ಮವ್ವಗ ಹಿಂಗ ಆಗಿತ್ರಿ. ಹುಬ್ಬಳ್ಳಿ ಡಾಕ್ಟರ್ ಆಕಿ ಮುಂದ ಬಾಯಿಬಿಟ್ಟು ಹೇಳಿಬಿಟ್ಟ. ಮುಂದಿನ ಅಮಾಸಿ ದಾಟಲಿಲ್ಲ ಆಕಿ. ಬ್ಯಾನಿ ಅಲ್ರಿ ಆಕಿನ್ನ ಕೊಂದಿದ್ದು, ಸುದ್ದಿ.” ಅವನ ಕಣ್ಣಲ್ಲಿ ನೀರು ತುಂಬಿತ್ತು. “ನೀವು ಹೆಣ್ಮಕ್ಕಳದೀರಿ. ನಿಮಗ ತಿಳೀತೈತಿ.”

ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಈ ಮನುಷ್ಯ ಬೆಳಿಗ್ಗೆ ಎದ್ದು ಆಕೆಗೆ ಗಂಜಿ ಮಾಡಿಟ್ಟು, ಅಷ್ಟು ಮೈಲಿ ಡ್ರೈವ್ ಮಾಡಿ ಕೆಲಸಕ್ಕೆ ಹೋಗಿ, ಮಧ್ಯಾಹ್ನ ಓಡಿ ಬರುವವನು. ಕಾಂಟ್ರ್ಯಾಕ್ಟ್ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಇನ್ಶೂರೆನ್ಸೂ ಹೋಗುತ್ತದೆ. ಅದನ್ನೆಲ್ಲ ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡಿದ್ದ. “ನೀವೇ ಮೊದಲು ಹೇಳಿಬಿಡಿ. ನಿಮ್ಮ ಬಾಯಿಂದ ಬಂದ್ರೆ ಒಳ್ಳೇದು. ಇನ್ನೂ ಟೈಮ್ ಇದೆ” ಎಂದೆ. ಅಷ್ಟರಲ್ಲಿ ನರ್ಸ್ ಬಂದು ಒಳಗೆ ಕರೆದಳು.

ಕೋಣೆಯಲ್ಲಿ ನಾವು ರೋಗಿಯ ಹಿಂದೆ ಸ್ವಲ್ಪ ಓರೆಯಾಗಿ ಕೂರುತ್ತೇವೆ. ಡಾಕ್ಟರು ನೋಡಬೇಕಾದ್ದು ರೋಗಿಯ ಮುಖ, ನಮ್ಮದಲ್ಲ ಎಂದು. ಈ ಡಾಕ್ಟರು ಹಾಗೇ ಮಾಡುವವರು. ಐವತ್ತರ ಹೆಂಗಸು, ಕುರ್ಚಿಯನ್ನು ಆಕೆಯ ಮೊಣಕಾಲಿನ ಹತ್ತಿರಕ್ಕೆ ಎಳೆದುಕೊಂಡರು. ಹಾಗೆ ಎಳೆದುಕೊಂಡರೆ ಏನರ್ಥ ಎಂದು ಈ ಕೆಲಸದಲ್ಲಿರುವ ನಮಗೆಲ್ಲ ಗೊತ್ತು. ಆಕೆಗೆ ಗೊತ್ತಿರಲಿಲ್ಲ, ಜರುಗಿ ಜಾಗ ಮಾಡಿಕೊಟ್ಟಳು.

“ಸ್ಕ್ಯಾನ್ ನೋಡಿದೆ. ನಿಮಗೆ ಒಳ್ಳೆಯ ಸುದ್ದಿ ಹೇಳಬೇಕೆಂದು ಆಸೆಯಿತ್ತು, ಅದು ಇಲ್ಲ. ಔಷಧಿ ಕೆಲಸ ಮಾಡುತ್ತಿಲ್ಲ. ಕಾಯಿಲೆ ಲಿವರ್‌ಗೆ ಹೋಗಿದೆ, ಶ್ವಾಸಕೋಶದಲ್ಲಿ ಹೆಚ್ಚಾಗಿದೆ. ಇದನ್ನು ವಾಸಿ ಮಾಡಲು ನನ್ನಿಂದ ಆಗುವುದಿಲ್ಲ.”

ಡಾಕ್ಟರು ಹೇಳಿದ್ದು ಇಂಗ್ಲಿಷಿನಲ್ಲಿ. ಆಕೆಗೆ ಕೇಳಿಸಿದ್ದು ನನ್ನ ಧ್ವನಿಯಲ್ಲಿ. ವಾಸಿ ಮಾಡಲು ನನ್ನಿಂದ ಆಗುವುದಿಲ್ಲ ಎಂದು, ಅವಳದೇ ಭಾಷೆಯಲ್ಲಿ, ಅವಳ ಬೆನ್ನ ಹಿಂದೆ ಕೂತು ಹೇಳಿದವಳು ನಾನು. ಆಕೆ ಡಾಕ್ಟರ ಮುಖ ಬಿಟ್ಟು ತಿರುಗಿ ನನ್ನನ್ನು ನೋಡಿದಳು. ತಪ್ಪು ಹೇಳಿದ್ದೇನೆ, ಈಗ ತಿದ್ದಿಕೊಳ್ಳುತ್ತೇನೆ ಎಂದು ಕಾಯುವಂತೆ ನೋಡಿದಳು. ಈ ಕೆಲಸ ಸಾಕು ಎಂದು ನನಗೆ ಆಗ ಅನ್ನಿಸಿದ್ದು ನಿಜ.

“ಕರಗಾಕತ್ತೇತಿ ಅಂದಿದ್ರಲ್ರಿ” ಎಂದಳು.

ಡಾಕ್ಟರು ಅರ್ಥವಾಗದೆ, “ನಾನು ಹಾಗೆ ಯಾವತ್ತೂ ಹೇಳಿಲ್ಲ” ಎಂದರು. ಅದನ್ನೂ ಹೇಳಿದೆ. ಗಂಡ ಕುರ್ಚಿಯ ಕೈ ಹಿಡಿದುಕೊಂಡಿದ್ದ.

ಇನ್ನೊಂದು ಔಷಧಿ ಕೊಟ್ಟು ನೋಡಬಹುದು, ಅದು ಮೈಗೆ ಕಷ್ಟ, ಸಿಗುವ ಕಾಲ ಸ್ವಲ್ಪವೇ ಎಂದು ಡಾಕ್ಟರು ವಿವರಿಸಿದರು. ಆಮೇಲೆ ಕೇಳಿದರು, “ನಿಮಗೆ ಯಾವುದು ಮುಖ್ಯ? ನಿಮಗೆ ಏನು ಬೇಕು?”

ನಾನು ಬಾಯಿ ತೆರೆಯುವ ಮೊದಲೇ ಗಂಡ ಇಂಗ್ಲಿಷಿನಲ್ಲಿ, “ಅವಳು ಹೋರಾಡುತ್ತಾಳೆ. ಏನೇನಿದೆಯೋ ಎಲ್ಲ ಮಾಡಿ” ಎಂದ. ನಿಯಮ ನಿಯಮವೇ. ಡಾಕ್ಟರ ಪ್ರಶ್ನೆಯನ್ನು ಆಕೆಗೆ ಹೇಳಿದೆ, ಅದರ ಬೆನ್ನಿಗೇ ಗಂಡನ ಉತ್ತರವನ್ನೂ ಹೇಳಿದೆ. ತನ್ನನ್ನು ಕೇಳಿದ್ದೂ ತಾನು ಉತ್ತರ ಕೊಟ್ಟದ್ದೂ ಆಕೆಗೆ ಒಟ್ಟಿಗೇ ತಿಳಿಯಿತು.

“ನನಗೆ ಆಕೆಯ ಉತ್ತರ ಬೇಕು” ಎಂದು ಡಾಕ್ಟರು ಗಂಡನ ಕಡೆ ಕೈ ತೋರಿಸಿ ತಡೆದರು.

ಆಕೆಯ ಕೈ ಕೊರಳಿಗೆ ಹೋಯಿತು, ತಾಳಿಯ ಜೊತೆಗೆ ಅರಿಶಿನದ ದಾರ ಇನ್ನೂ ಇತ್ತು. ಉಸಿರು ಎಳೆದುಕೊಳ್ಳುವುದು ನನಗೆ ಹಿಂದಿನಿಂದ ಕೇಳುತ್ತಿತ್ತು. ಆಮೇಲೆ ಸ್ಪಷ್ಟವಾಗಿ ಹೇಳಿದಳು, “ನಾ ಊರಿಗೆ ಹೋಗಬೇಕ್ರಿ. ಮಗಳನ್ನ ನೋಡಬೇಕು. ಮತ್ತೇನೂ ಬ್ಯಾಡ.”

ಐ ವಾಂಟ್ ಟು ಗೋ ಹೋಮ್, ಎಂದೆ. ಇಷ್ಟು ವರ್ಷ ಈ ದೇಶದಲ್ಲಿದ್ದು ಆ ವಾಕ್ಯವನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಹೊಂಡದ ಬಾತುಗಳಿಗೂ ಹೇಳಿರಲಿಲ್ಲ. ಕೊನೆಗೆ ಹೇಳಿದಾಗ ಅದು ನನ್ನ ಮಾತಾಗಿರಲಿಲ್ಲ.

ಡಾಕ್ಟರು ಹಿಂದಕ್ಕೆ ಒರಗಿದರು. ಮುಖ ಬದಲಾಗಿತ್ತು. “ಕ್ಷಮಿಸಿ, ನನಗೆ ಗೊಂದಲವಾಗುತ್ತಿದೆ. ಅಕ್ಟೋಬರಿನಲ್ಲಿ ನಾವು ಇದೇ ಮಾತಾಡಿದ್ದೆವು. ಈ ಕಾಯಿಲೆ ವಾಸಿಯಾಗುವುದಲ್ಲ, ಮುಂದೆ ಉಸಿರಿಗೆ ತೊಂದರೆಯಾಗುತ್ತದೆ, ಊರಿಗೆ ಹೋಗುವ ಮನಸ್ಸಿದ್ದರೆ ಇದೇ ಸರಿಯಾದ ಸಮಯ ಎಂದೆ. ನೀವು ಇಲ್ಲೇ ಇದ್ದು ಚಿಕಿತ್ಸೆ ಮುಂದುವರಿಸುತ್ತೇನೆ ಎಂದಿರಿ. ಈಗ ನಿಮಗೆ ಕೂತಲ್ಲಿಯೇ ಆಕ್ಸಿಜನ್ ಸಾಲುತ್ತಿಲ್ಲ. ಅಷ್ಟು ದೂರದ ವಿಮಾನಕ್ಕೆ ಒಪ್ಪಿಗೆಯ ಸಹಿ ಹಾಕಲು ನನ್ನಿಂದ ಸಾಧ್ಯವಿಲ್ಲ. ದಾರಿಯಲ್ಲೇ ನೀವು ಹೋಗಿಬಿಡಬಹುದು.”

ಒಂದೊಂದೇ ವಾಕ್ಯವಾಗಿ ಹೇಳಿದೆ. ಹೋಗಿಬಿಡಬಹುದು ಎಂಬಲ್ಲಿ ಡಾಕ್ಟರು ಆಡಿದ್ದು ಸಾಯುವುದು ಎಂಬ ಪದವನ್ನೇ, ನಾನೂ ಆಕೆಗೆ ಸಾಯಬಹುದು ಎಂದೇ ಹೇಳಿದೆ. ಇಲ್ಲಿ ಬರೆಯುವಾಗ ಮಾತ್ರ ಕೈ ಬರಲಿಲ್ಲ.

“ಯಾವಾಗ ಅಂದ್ರಿ?” ಎಂದಳು ಆಕೆ.

“ಅಕ್ಟೋಬರಿನಲ್ಲಿ.”

ಆಕೆ ಗಂಡನ ಕಡೆ ತಿರುಗಿದಳು. “ಅವಾಗ ನಾವು ಸೇಬು ಹರಿಯಾಕ ಹೋಗಿದ್ವಲ್ರಿ? ಆ ತ್ವಾಟಕ್ಕ? ನಾ ಗಿಡಾ ಹತ್ತತೀನಿ ಅಂದ್ರ ನೀವು ಬ್ಯಾಡ ಅಂದ್ರಿ.”

ಅದು ಗಂಡನಿಗೆ ಹೇಳಿದ ಮಾತು. ಆದರೆ ಕೋಣೆಯಲ್ಲಿ ಹೇಳಿದ ಮಾತು. ಆಗ ನಾವು ಸೇಬು ಕೀಳಲು ಹೋಗಿದ್ದೆವಲ್ಲ, ಆ ತೋಟಕ್ಕೆ, ನಾನು ಮರ ಹತ್ತುತ್ತೇನೆ ಎಂದರೆ ನೀವು ಬೇಡ ಎಂದಿರಿ, ಎಂದು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಕಣ್ಣು ಕೆಳಗೆ ಹಾಕಿದರು.

“ಪರೀಕ್ಷಾ ಇತ್ತಲ್ಲ” ಎಂದ ಗಂಡ, ಯಾರಿಗೆ ಎಂದು ತಿಳಿಯದ ಹಾಗೆ. “ನೀ ಹೋಗಿ ಮುಂದ ಮಲಗಿದ್ರ ಅಕಿ ಓದತಿದ್ಲೇನು? ಪರೀಕ್ಷಾ ಒಂದು ಮುಗೀಲಿ ಅಂತ ಮಾಡಿದೆ. ಇಲ್ಲಿ ಔಷಧಾ ಚಲೋ ಅದಾವ ಅಂತ ಮಾಡಿದೆ.” ಅದನ್ನೂ ಹೇಳಿದೆ. ಅವನ ‘ಮಾಡಿದೆ’ಗೂ ನಾನೇ ನಾನು. ಒಂದೇ ಬಾಯಲ್ಲಿ ಗಂಡನೂ ಆಗಿ ಹೆಂಡತಿಯೂ ಆಗಿ ಕೂತಿದ್ದೆ. ಎದ್ದು ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತಿತ್ತು, ಅವನ ತಲೆ ನೇವರಿಸಬೇಕು ಎಂದೂ ಅನ್ನಿಸುತ್ತಿತ್ತು. ಎರಡಕ್ಕೂ ನನಗೆ ಅಧಿಕಾರವಿರಲಿಲ್ಲ.

ಮಗಳನ್ನು ಇಲ್ಲಿಗೆ ಕರೆಸಬಹುದಲ್ಲ ಎಂದು ಡಾಕ್ಟರು ಕೇಳಿದರು. ಮಗಳಿಗೆ ವೀಸಾ ಇಲ್ಲ, ಅಪ್ಲೈ ಮಾಡಿದ್ದೇನೆ, ತುರ್ತು ಎಂದು ಬರೆದಿದ್ದೇನೆ, ವೀಸಾ ಆಫೀಸಿನವರು ಕರೆಯಬೇಕು ಎಂದ ಗಂಡ. ಎಷ್ಟು ದಿನವಾಗಬಹುದು ಎಂದರೆ ಅವನಿಗೆ ಗೊತ್ತಿರಲಿಲ್ಲ. ಆಕೆಗೆ ಎಷ್ಟು ದಿನವಿದೆ ಎಂದು ಅವನು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಆಮೇಲೆ ಡಾಕ್ಟರು ಆಕೆಯ ಕೈ ಹಿಡಿದುಕೊಂಡರು. ನಿಧಾನವಾಗಿ, ನನಗೆ ತಿರುಗಿಸಲು ಸಮಯ ಕೊಡುತ್ತಾ ಕೇಳಿದರು. “ನಾನು ಇದನ್ನು ಕೇಳಲೇಬೇಕು. ಅಕ್ಟೋಬರಿನಲ್ಲಿ ನಾನು ಹೇಳಿದ್ದು ನಿಮಗೆ ತಲುಪಿತ್ತೇ? ಇಲ್ಲೇ ಇರುತ್ತೇನೆ ಎಂದವರು ನೀವೇನಾ?”

ಕನ್ನಡದಲ್ಲಿ ಹೇಳಿದೆ. ಒಂದಕ್ಷರ ಹೆಚ್ಚಲ್ಲ, ಕಡಿಮೆಯಲ್ಲ. ಹೇಳುತ್ತಾ ಮನಸ್ಸಿನಲ್ಲಿ ಆಕೆಗೆ ಬೇಡಿಕೊಂಡೆ. ಹೇಳು ತಾಯಿ, ಈಗಲಾದರೂ ಹೇಳು. ನೀನು ಇಲ್ಲ ಎಂದರೆ ಇಲ್ಲ ಎಂದು ಕೂಗಿ ಹೇಳುತ್ತೇನೆ, ಆ ಪದವನ್ನು ಈ ಕಟ್ಟಡದಲ್ಲಿ ಇದುವರೆಗೆ ಯಾರೂ ಹೇಳಿರದ ಹಾಗೆ ಹೇಳುತ್ತೇನೆ.

ಆಕೆ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ, ಶೂ ಮೇಲೆ, ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ಒಣಗಿ ಬಿಳಿಯಾಗಿತ್ತು. ಅವನ ಕಿವಿ ಕೆಂಪಾಗಿತ್ತು. ಹೊರಗಿನವರ ಮುಂದೆ, ಅದೂ ಬಿಳಿ ಹೆಂಗಸಿನ ಮುಂದೆ, ತಲೆ ತಗ್ಗಿಸಿ ಕೂತ ಗಂಡನನ್ನು ಆಕೆ ಎಷ್ಟು ಹೊತ್ತು ನೋಡಿದಳೋ. ನಂತರ ಸೆರಗು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದಳು.

“ಹೌದ್ರಿ. ನಾನ ಅಂದಿದ್ದೆ.”

ನನ್ನ ಬಾಯಿ ತೆರೆಯಲಿಲ್ಲ. ಡಾಕ್ಟರು ಮೊದಲ ಸಲ ಆಕೆಯನ್ನು ಬಿಟ್ಟು ನನ್ನ ಕಡೆ ನೋಡಿದರು. ಗಂಡ ತಲೆ ಎತ್ತಿದ. ಆಕೆ ತಿರುಗದೆಯೇ, ತಣ್ಣಗೆ, “ಹೇಳ್ರಿ ಅಕ್ಕಾರ” ಎಂದಳು.

“ಯೆಸ್. ಐ ಸೆಡ್ ದಟ್” ಎಂದೆ. “ಪ್ಲೀಸ್ ಟೆಲ್ ಹರ್, ಸಿಸ್ಟರ್” ಎಂದೂ ಹೇಳಬೇಕಾಗಿತ್ತು, ಅದೂ ಕೋಣೆಯಲ್ಲಿ ಆಡಿದ ಮಾತೇ. ಅದನ್ನು ನುಂಗಿದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಬಿಟ್ಟ ಮಾತು ಅದೊಂದೇ.

ಡಾಕ್ಟರ ಹೆಗಲು ಸ್ವಲ್ಪ ಸಡಿಲವಾಯಿತು. ಕಂಪ್ಯೂಟರಿನ ಕಡೆ ತಿರುಗಿ ಅದನ್ನು ಬರೆದುಕೊಂಡರು. ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ, ಸದ್ದು ಮಾಡಿ ಅಳತೊಡಗಿದ. ಆಕೆ ಕೈ ಚಾಚಿ ಅವನ ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಏರಿಸಿದಳು.

“ಏಳ್ರಿ. ಹೊತ್ತಾದ್ರ ರೋಡಿನ್ಯಾಗ ಟ್ರಾಫಿಕ್ ಆಕ್ಕೈತಿ” ಎಂದಳು.

ಅದನ್ನೂ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ.